ಆಟ ಸಲೀಸಾಗಿ ಶಾಲೆಯೊಳಗೆ ಹೋಯಿತು, ‘ಬೇಡ’ ಅನ್ನುವ ಮಾತು ಹೋಗಲಿಲ್ಲ

ಕೊಪ್ಪಳ ಜಿಲ್ಲೆಯಲ್ಲಿ ಯುವಜನರ ಜೊತೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನಿದ್ದೇನೆ. ಏನು ಕೆಲಸ ಅಂತ ಕೇಳಿದರೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಟ್ಯೂಷನ್ ಅಲ್ಲ, ಹೊಲಿಗೆ ತರಬೇತಿಯೂ ಅಲ್ಲ. 14ರಿಂದ 20 ವಯಸ್ಸಿನವರು ಒಟ್ಟಿಗೆ ಕೂತು ತಮ್ಮ ಮನೆ, ಊರು, ದುಡ್ಡು, ಮದುವೆ, ಜಾತಿ, ಮುಂದಿನ ದಾರಿ ಇವನ್ನೆಲ್ಲ ಮಾತಾಡಲು ಒಂದು ಜಾಗ ಮಾಡಿಕೊಡುತ್ತೇವೆ. ಮಾತಾಡಿದ ಮೇಲೆ ಅವರಿಗೇ ಏನಾದರೂ ಮಾಡೋಣ ಅನ್ನಿಸಿದರೆ ಜೊತೆಗೆ ನಿಲ್ಲುತ್ತೇವೆ. ಆಟ, ನಾಟಕ, ನಕ್ಷೆ, ಹಾಡು ಇವೆಲ್ಲ ಅದಕ್ಕೊಂದು ದಾರಿ ಅಷ್ಟೇ.

ಮೊದಲು ಇದೆಲ್ಲ ಸಂಜೆ ಹೊತ್ತು ಊರೊಳಗೇ ನಡೆಯುತ್ತಿತ್ತು. ಗುಡಿ ಕಟ್ಟೆ, ಸಮುದಾಯ ಭವನ, ಎಲ್ಲಿ ಲೈಟ್ ಇದ್ದರೆ ಅಲ್ಲಿ. ಬರುತ್ತಿದ್ದವರು ಹುಡುಗರು ಮಾತ್ರ. ಸಂಜೆ ಏಳಕ್ಕೆ ಹುಡುಗಿಯರನ್ನು ಯಾರು ಹೊರಗೆ ಬಿಡುತ್ತಾರೆ? ಅದು ರೊಟ್ಟಿ ಬಡಿಯುವ ಹೊತ್ತು ಬೇರೆ. ಊರಿನ ಹುಡುಗಿಯರೆಲ್ಲ ಒಂದೇ ಕಡೆ ಸಿಗುವ ಜಾಗ ಅಂದರೆ ಸರ್ಕಾರಿ ಹೈಸ್ಕೂಲು. ಹತ್ತನೇ ತರಗತಿ ದಾಟಿದರೆ ಅವರಲ್ಲಿ ಎಷ್ಟೋ ಜನ ಮತ್ತೆ ಕೈಗೆ ಸಿಗುವುದಿಲ್ಲ. ಕೆಲವರಿಗೆ ಮದುವೆ ಆಗುತ್ತದೆ, ಇನ್ನು ಕೆಲವರು ಮನೆಮಂದಿ ಜೊತೆ ಮಂಗಳೂರು, ಗೋವಾ, ಬೆಂಗಳೂರು ಅಂತ ಕಟ್ಟಡ ಕೆಲಸಕ್ಕೆ ದುಡಿಯಲು ಹೋಗುತ್ತಾರೆ. ಹಾಗಾಗಿ ನಾವೇ ಶಾಲೆಗೆ ಹೋಗೋಣ ಅಂತ ತೀರ್ಮಾನ ಮಾಡಿದೆವು.

ಕಾಗದದ ಮೇಲೆ ನೋಡಿದರೆ ಇದಕ್ಕೆ ಅಡ್ಡಿಯೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಓದಿ ನೋಡಿ: ಚಟುವಟಿಕೆ, ಶೋಧನೆ, ಅನ್ವೇಷಣೆ ಮೂಲಕ ಕಲಿಕೆ ಆಗಬೇಕು, ಮಗುವಿಗೆ ಭಯ ಇರಬಾರದು, ತನಗೆ ಅನ್ನಿಸಿದ್ದನ್ನು ಹೇಳಲು ಬಿಡಬೇಕು ಅಂತ ಅಲ್ಲೇ ಇದೆ. ಚಟುವಟಿಕೆ ಮೂಲಕ ಕಲಿಸುವ ನಮ್ಮ ರಾಜ್ಯದ ನಲಿ-ಕಲಿ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾದದ್ದು, ಅದನ್ನು ಕಟ್ಟಿದ್ದೂ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ 10 ದಿನ ಬ್ಯಾಗ್ ಇಲ್ಲದ ದಿನ ಅನ್ನುತ್ತದೆ, ನಮ್ಮಲ್ಲಿ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರವೂ ಇದೆ. ಆದರೆ ಇವೆಲ್ಲ ಬಹುಪಾಲು ಎಂಟನೇ ತರಗತಿಗೇ ನಿಂತುಬಿಡುತ್ತವೆ, ಗಮನಿಸಿದ್ದೀರಾ? ಒಂಬತ್ತಕ್ಕೆ ಕಾಲಿಟ್ಟ ಕೂಡಲೇ ಮಗು ಎಸ್ಸೆಸ್ಸೆಲ್ಸಿ ಅಭ್ಯರ್ಥಿ ಆಗಿಬಿಡುತ್ತದೆ. ನಮಗೆ ಬೇಕಾಗಿದ್ದದ್ದು ಸರಿಯಾಗಿ ಆ ವಯಸ್ಸಿನವರೇ.

ಅನುಮತಿಯ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಯಾಕಂದ್ರೆ ಅದರಲ್ಲಿ ದೊಡ್ಡ ವಿಷಯ ಏನಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ, ಜೊತೆಗೆ ಸಂಸ್ಥೆಯ ನೋಂದಣಿ ಪತ್ರ, ಶಾಲೆಗೆ ಹೋಗುವವರ ಆಧಾರ್ ಪ್ರತಿ, ಮಕ್ಕಳ ರಕ್ಷಣಾ ನೀತಿ ಒಪ್ಪಿ ಸಹಿ. ಮಕ್ಕಳಿಂದ ದುಡ್ಡು ತಗೊಳ್ಳುವಂತಿಲ್ಲ, ಕೇಳದೆ ಫೋಟೋ ತೆಗೆಯುವಂತಿಲ್ಲ, ಬೋಧನೆಗೆ ತೊಂದರೆ ಮಾಡುವಂತಿಲ್ಲ ಅನ್ನುವ ಷರತ್ತುಗಳು. ಎಲ್ಲಾ ಸರಿಯಾದವೇ. ಗುಮಾಸ್ತರು ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿದರು, ‘ಮಾಡ್ಯೂಲ್ ಎಲ್ಲಿ?’ ಮಕ್ಕಳು ಏನು ಮಾತಾಡುತ್ತಾರೋ ಅದರ ಮೇಲೆ ಮುಂದಿನ ವಾರದ್ದು ತೀರ್ಮಾನ ಆಗುತ್ತದೆ ಅಂದರೆ ಯಾರಿಗೂ ಅರ್ಥ ಆಗಲಿಲ್ಲ. ಕೊನೆಗೆ ವಾರಕ್ಕೊಂದು ಶೀರ್ಷಿಕೆ ಹಾಕಿ ಒಂದು ಪಟ್ಟಿ ಮಾಡಿ ಕೊಟ್ಟೆವು. ಆತ್ಮವಿಶ್ವಾಸ, ನಾಯಕತ್ವ, ಸಂವಹನ, ಇಂಥ ಹೆಸರುಗಳು. ಈ ಹೆಸರುಗಳಿಗೆ ಯಾರೂ ಬೇಡ ಅನ್ನುವುದಿಲ್ಲ.

ಹೆಡ್‌ಮಾಸ್ತರರು ಒಳ್ಳೆಯವರು, ನೇರ ಮನುಷ್ಯ. ಪತ್ರ ಓದಿ, ಮಡಚಿ, ಟೇಬಲ್ ಮೇಲಿಟ್ಟರು. ‘ಮೇಡಂ, ಎಂಟು ಒಂಬತ್ತು ತಗೋರಿ. ಹತ್ತನೇತ್ತಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ’ ಅಂದರು. ಅವರ ಭಯ ನನಗೆ ಗೊತ್ತಿತ್ತು. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳಿದಿತ್ತು. ಪರೀಕ್ಷಾ ಕೊಠಡಿಗೆ ವೆಬ್ ಕ್ಯಾಮೆರಾ ಬಂದ ವರ್ಷ ಅದು, ಗ್ರೇಸ್ ಅಂಕ ಹೆಚ್ಚಿಗೆ ಕೊಟ್ಟ ಮೇಲೂ ಅಷ್ಟೇ. ಆಮೇಲೆ ಎಲ್ಲ ಕಡೆ ಮುಖ್ಯ ಶಿಕ್ಷಕರ ಸಭೆಗಳಲ್ಲಿ ಅದೇ ಮಾತು, ಬೆಳಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ. ಇಂಥ ಹೊತ್ತಲ್ಲಿ ನಾನು ಹೋಗಿ ‘ಮಕ್ಕಳನ್ನು ಸುಮ್ನೆ ಮಾತಾಡಲು ಬಿಡಿ’ ಅಂದರೆ ಅವರಿಗೆ ಹೇಗಾಗಿರಬೇಡ.

ನಮಗೆ ಸಿಕ್ಕಿದ್ದು ಒಂಬತ್ತನೇ ತರಗತಿಯ ವಾರಕ್ಕೊಂದು ಪಿಟಿ ಪೀರಿಯಡ್ಡು, ಜೊತೆಗೆ ಶನಿವಾರ ಬೆಳಗಿನ ಶಾಲೆಯ ಕೊನೆಯ ಪೀರಿಯಡ್ಡು. ಪಿಟಿ ಮೇಷ್ಟ್ರು ಮುಖ ಗಂಟು ಹಾಕಿಕೊಂಡರು. ‘ಗಣಿತದವ್ರಿಗೆ ಬೇಕಂದ್ರೂ ನನ್ನ ಪೀರಿಯಡ್, ಲಸಿಕಿ ಹಾಕವ್ರಿಗೂ ನನ್ನ ಪೀರಿಯಡ್, ಈಗ ನಿಮಗೂ ನಂದೇ ಬೇಕೇನ್ರಿ?’ ಅಂತ ಕೇಳಿದರು. ಅವರ ಮಾತಲ್ಲಿ ತಪ್ಪೇನಿತ್ತು? ಶಾಲೆಯ ವೇಳಾಪಟ್ಟಿಯಲ್ಲಿ ಮಕ್ಕಳಿಗೆ ನಿಜವಾಗಿ ಇಷ್ಟವಾದದ್ದು ಒಂದೇ ಪೀರಿಯಡ್ಡು, ಅದನ್ನೇ ಕಿತ್ತುಕೊಂಡು ಇಷ್ಟವಾಗುವ ಕಲಿಕೆ ಅಂತ ನಾವು ಹೊರಟಿದ್ದೆವು. ಅವರ ಜೊತೆ ಕೂತು ಮಾತಾಡಿ, ಪಿಟಿ ಪೀರಿಯಡ್ ವಾಪಸ್ ಕೊಟ್ಟು, ಶನಿವಾರದ್ದನ್ನೇ ಕೊನೆಯ ಎರಡು ಪೀರಿಯಡ್ ಮಾಡಿಸಿಕೊಂಡೆವು. ಆವತ್ತಿನಿಂದ ಅವರು ನಮ್ಮ ಕಡೆ.

ಶುರುವಿನ ವಾರಗಳು ಬಹಳ ಸಲೀಸು. ಬೇವಿನ ಮರದ ಕೆಳಗೆ ವೃತ್ತ, ಹೆಸರಿನ ಆಟ, ಕಣ್ಣು ಕಟ್ಟಿ ಜೊತೆಗಾರರನ್ನು ನಡೆಸುವ ಆಟ, ಪೇಪರ್ ಮೇಲೆ ನಿಂತು ಅದನ್ನು ಮಡಚುತ್ತಾ ಹೋಗುವ ಆಟ. ನಗುವೋ ನಗು. ಮೇಷ್ಟ್ರುಗಳಿಗೂ ಖುಷಿ, ಯಾಕಂದ್ರೆ ಆ ಹೊತ್ತಲ್ಲಿ ಅವರು ಕಂಪ್ಯೂಟರ್ ಮುಂದೆ ಕೂತು ಮಾಹಿತಿ ತುಂಬುವ ಕೆಲಸ ಮುಗಿಸಿಕೊಳ್ಳುತ್ತಿದ್ದರು. ಆಟ ಮುಗಿದ ಮೇಲಿನದ್ದೇ ತೊಂದರೆ. ‘ಏನನ್ನಿಸಿತು?’ ಅಂತ ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ ‘ಚಲೋ ಅನಸ್ತ್ರೀ ಅಕ್ಕೋರ’ ಅನ್ನುತ್ತಿತ್ತು. ಯಾಕೆ ಚಲೋ ಅನ್ನಿಸಿತು? ಪೂರ್ತಿ ಮೌನ. ಒಬ್ಬ ಹುಡುಗ ಎದ್ದು ನಿಂತು ಕೈಕಟ್ಟಿ, ‘ಇದರಿಂದ ನಾವು ಒಗ್ಗಟ್ಟಿನಲ್ಲಿ ಬಲವಿದೆ ಎಂಬುದನ್ನು ಕಲಿತೆವು’ ಅಂತ ಪುಸ್ತಕದ ಕನ್ನಡದಲ್ಲಿ ಹೇಳಿ ಕೂತ. ಸರಿ ಉತ್ತರ ಯಾವುದು ಅಂತ ಹುಡುಕುವ ಅಭ್ಯಾಸ ಅದು. ಒಂಬತ್ತು ವರ್ಷ ಅದನ್ನೇ ಕಲಿಸಿದ್ದೇವೆ, ಒಂದು ತಿಂಗಳಲ್ಲಿ ಹೋಗುತ್ತದಾ?

ಮೇಲಿನದಕ್ಕಿಂತ ದೊಡ್ಡ ಗಂಟು ಇನ್ನೊಂದಿತ್ತು. ಊರಲ್ಲಿ ಸಂಜೆ ಬರುತ್ತಿದ್ದ ಹುಡುಗರು ಇಷ್ಟ ಇದ್ದರೆ ಬರುತ್ತಿದ್ದರು, ಬೇಜಾರಾದರೆ ಎದ್ದು ಹೋಗುತ್ತಿದ್ದರು. ನಮ್ಮ ಕೆಲಸದ ಬೆನ್ನೆಲುಬೇ ಅದು. ಅವರು ಎದ್ದು ಹೋದರೆ ನಾವು ಮಾಡಿದ್ದು ಸಪ್ಪೆ ಆಗಿದೆ ಅಂತ ನಮಗೆ ಗೊತ್ತಾಗುತ್ತಿತ್ತು. ಶಾಲೆಯಲ್ಲಿ ಯಾರೂ ಎದ್ದು ಹೋಗುವುದಿಲ್ಲ. ಎಷ್ಟು ಸಪ್ಪೆ ಇದ್ದರೂ ಕೂತೇ ಇರುತ್ತಾರೆ. ಒಂದು ಶನಿವಾರ ಒಬ್ಬ ಹುಡುಗಿ ಆಟಕ್ಕೆ ಬರಲಿಲ್ಲ, ಗೋಡೆ ಹತ್ತಿರ ಕೂತಿದ್ದಳು. ಇರಲಿ ಅಂತ ನಾನು ಸುಮ್ಮನಿದ್ದೆ. ದಾಟಿ ಹೋಗುತ್ತಿದ್ದ ಒಬ್ಬ ಶಿಕ್ಷಕರು ನೋಡಿ, ‘ಏ, ಏಳವಾ ಮ್ಯಾಲ, ಅಕ್ಕೋರು ಅಷ್ಟು ದೂರದಿಂದ ಬಂದಾರ, ಆಡಾಕ ಏನ್ ರೋಗ?’ ಅಂತ ಗದರಿದರು. ಅವಳು ಎದ್ದು ಬಂದು ಆಡಿದಳು. ಆ ಮುಖ ನೋಡಿ ನನಗೆ ಆಮೇಲೆ ಆಟ ನಡೆಸಲಾಗಲಿಲ್ಲ.

ಮುಂದಿನ ವಾರ ಒಂದು ನಿಯಮ ಹೇಳಿದೆವು: ಇಲ್ಲಿ ಯಾರು ಬೇಕಾದರೂ ‘ಇವತ್ತು ನನಗೆ ಬೇಡ’ ಅನ್ನಬಹುದು, ಕಾರಣ ಹೇಳಬೇಕಾಗಿಲ್ಲ. ಮಕ್ಕಳು ನಂಬಲಿಲ್ಲ. ಮೊದಲು ಇಬ್ಬರು ಪರೀಕ್ಷೆ ಮಾಡಿ ನೋಡಿದರು. ಬೈಗುಳ ಬೀಳಲಿಲ್ಲ ಅಂತ ಗೊತ್ತಾದ ಮೇಲೆ ಒಂದು ದಿನ ಅರ್ಧ ತರಗತಿಯೇ ಬೇಡ ಅಂದುಬಿಟ್ಟಿತು. ಹುಡುಗರು ಸೀದಾ ಬ್ಯಾಟ್ ಹಿಡಿದು ಮೈದಾನಕ್ಕೆ. ಹೆಡ್‌ಮಾಸ್ತರರು ಕಿಟಕಿಯಿಂದ ನೋಡಿ ಓಡಿ ಬಂದರು.

ಆವತ್ತಿನ ಜಗಳ ನಮ್ಮ ಇಡೀ ಅನುಭವದಲ್ಲಿ ತುಂಬಾ ಬೆಲೆಯದ್ದು ಅಂತ ನನಗನ್ನಿಸುತ್ತದೆ. ಅವರು ಹೇಳಿದ್ದು ಇಷ್ಟು: ಶಾಲೆ ಹೊತ್ತಲ್ಲಿ ಒಂದು ಮಗು ಗೇಟ್ ದಾಟಿ ಹೋಗಿ ಏನಾದರೂ ಆದರೆ ಜೈಲಿಗೆ ಹೋಗೋದು ನಾನು, ನೀವಲ್ಲ. ನಿಜ. ನಾನು ಹೇಳಿದ್ದು, ಬೇಡ ಅನ್ನಲು ಬರದ ಮಗುವಿಗೆ ಮದುವೆ ಬೇಡ, ಈ ಮುಟ್ಟುವಿಕೆ ಬೇಡ, ಈ ಗುಟ್ಕಾ ಬೇಡ ಅನ್ನಲು ಎಲ್ಲಿಂದ ಬರುತ್ತದೆ? ಅದನ್ನೇ ಕಲಿಸಲಿ ಅಂತ ತಾನೇ ನೀವು ನಮ್ಮನ್ನು ಒಳಗೆ ಬಿಟ್ಟದ್ದು, ನಾಯಕತ್ವ ಅಂತ ಪಟ್ಟಿಯಲ್ಲಿ ಬರೆದದ್ದಕ್ಕೆ ಸಹಿ ಹಾಕಿದ್ದು? ಬಹಳ ಹೊತ್ತು ಆಯಿತು. ಕೊನೆಗೆ ಒಂದು ಕಡೆ ಬಂದು ನಿಂತೆವು. ಗೇಟ್ ದಾಟುವಂತಿಲ್ಲ. ಒಳಗೆ ಎರಡು ದಾರಿ, ಒಂದು ನಮ್ಮ ವೃತ್ತ, ಇನ್ನೊಂದು ವರಾಂಡದಲ್ಲಿ ಗ್ರಂಥಾಲಯದ ಬೀರು ತೆರೆದಿಟ್ಟು ಒಬ್ಬ ಶಿಕ್ಷಕರು ಕೂರುವುದು. ಕ್ರಿಕೆಟ್ ಇಲ್ಲ. ಪೂರ್ತಿ ಸ್ವಾತಂತ್ರ್ಯ ಅಲ್ಲ ಇದು, ಗೊತ್ತು. ಆದರೆ ಬೀಗ ಬಿದ್ದಿದ್ದ ಆ ಬೀರು ತೆರೆಯಿತು, ಮತ್ತು ವೃತ್ತಕ್ಕೆ ಬಂದವರು ಬರಬೇಕು ಅಂತ ಬಂದವರು. ಜನ ಕಡಿಮೆ ಆದರು, ಮಾತು ಜಾಸ್ತಿ ಆಯಿತು.

ಮಾತು ನಿಜವಾಗಿ ಬಿಚ್ಚಿಕೊಂಡದ್ದು ದಿನದ ಗಡಿಯಾರದ ಚಟುವಟಿಕೆಯಲ್ಲಿ. ದೊಡ್ಡ ಹಾಳೆ ಮೇಲೆ ಒಂದು ವೃತ್ತ, ಅದರಲ್ಲಿ 24 ಗಂಟೆ. ನಿನ್ನೆ ಎದ್ದಾಗಿನಿಂದ ಮಲಗುವ ತನಕ ಏನೇನು ಮಾಡಿದಿರಿ, ಬಣ್ಣ ಹಚ್ಚಿ. ಹುಡುಗಿಯರ ಗಡಿಯಾರ ಬೆಳಗ್ಗೆ ಐದಕ್ಕೆ ಶುರು. ನೀರು, ಕಸ, ರೊಟ್ಟಿ, ತಮ್ಮನನ್ನು ಅಂಗನವಾಡಿಗೆ ಬಿಡೋದು, ಆಮೇಲೆ ಶಾಲೆ. ಹುಡುಗರ ಗಡಿಯಾರದಲ್ಲಿ ಒಂದು ದೊಡ್ಡ ಭಾಗದ ಮೇಲೆ ‘ಸುಮ್ನ ಕುಂತಿದ್ದು’ ಅಂತ ಬರೆದಿತ್ತು. ಎರಡನ್ನೂ ಗೋಡೆಗೆ ಅಂಟಿಸಿದೆವು. ನಾನು ಒಂದು ಮಾತೂ ಆಡಲಿಲ್ಲ. ಒಬ್ಬ ಹುಡುಗ ಸಿಟ್ಟಾದ, ‘ನಾವು ಹೊಲಕ್ಕ ಹೋಗಂಗಿಲ್ಲೇನು? ಮೆಕ್ಕಿಜ್ವಾಳಕ್ಕ ನೀರು ಕಟ್ಟಾಕ ರಾತ್ರಿ ಯಾರು ಹೋಗ್ತಾರ?’ ಅಂದ. ಅದೂ ಸರಿಯೇ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಪಂಪು ಹಾಕಲು ಅವನೇ ಹೋಗಬೇಕು. ಅದನ್ನೂ ಗಡಿಯಾರಕ್ಕೆ ಹಾಕಿದ. ಅಲ್ಲಿಂದ ಶುರುವಾದ ವಾದ ಗಂಟೆ ಹೊಡೆದರೂ ಮುಗಿಯಲಿಲ್ಲ. ಪುಸ್ತಕದ ಕನ್ನಡ ಎಲ್ಲೋ ಹೋಗಿತ್ತು, ಎಲ್ಲರೂ ಮನೆಯ ಮಾತಿನಲ್ಲೇ ಕಿತ್ತಾಡುತ್ತಿದ್ದರು.

ಗಣಿತದ ಟೀಚರ್ ಆವತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸೋಮವಾರ ಅವರೇ ಆ ಹಾಳೆಗಳನ್ನು ತರಗತಿಗೆ ಒಯ್ದರಂತೆ. 24 ಗಂಟೆಗೆ 360 ಡಿಗ್ರಿ, ಒಂದು ಗಂಟೆಗೆ 15 ಡಿಗ್ರಿ, ನಿಮ್ಮ ದಿನವನ್ನು ಕೋನಮಾಪಕ ಇಟ್ಟು ಸರಿಯಾಗಿ ಬರೆಯಿರಿ ಅಂತ. ವೃತ್ತನಕ್ಷೆ ಅಂದರೆ ತಲೆ ಕೆರೆದುಕೊಳ್ಳುತ್ತಿದ್ದವರೂ ಬರೆದರಂತೆ, ಯಾಕಂದ್ರೆ ಅದು ಅವರದ್ದೇ ದಿನ. ಹೊರಗಿನವರು ಬಂದು ವಾರಕ್ಕೊಮ್ಮೆ ಮಾಡುವುದಕ್ಕಿಂತ ಇಂಥ ಒಂದು ಸೋಮವಾರಕ್ಕೆ ಬೆಲೆ ಜಾಸ್ತಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆದರೂ ಒಂದು ಕಸಿವಿಸಿ ಇದೆ. ಅದಾದ ಮೇಲೆ ಮಕ್ಕಳು ನಮ್ಮ ವೃತ್ತದಲ್ಲೂ ‘ಇದಕ್ಕ ಎಷ್ಟ್ ಮಾರ್ಕ್ಸ್ ಅಕ್ಕೋರ?’ ಅಂತ ಕೇಳಲು ಶುರು ಮಾಡಿದರು. ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ವರ್ಷದ ನಡುನಡುವೆ ಅಂಕ ಕೊಡುವ, ಚಟುವಟಿಕೆ ಫೈಲಿಗೆ ಇದನ್ನೇ ಹಾಕೋಣ ಅಂತ ಶಿಕ್ಷಕರೂ ಕೇಳಿದರು, ಅವರಿಗೂ ಫೈಲ್ ತುಂಬಬೇಕಲ್ಲ. ಗಣಿತದ ಹಾಳೆಗೆ ಮಾರ್ಕ್ಸ್ ಕೊಡಿ, ವೃತ್ತದಲ್ಲಿ ಆಡಿದ ಮಾತಿಗೆ ಬೇಡ ಅಂದೆವು. ಮಾತಿಗೆ ಮಾರ್ಕ್ಸ್ ಬಂದ ದಿನ ‘ಒಗ್ಗಟ್ಟಿನಲ್ಲಿ ಬಲವಿದೆ’ ವಾಪಸ್ ಬಂದುಬಿಡುತ್ತದೆ.

ಇನ್ನು ತಂಬಾಕಿನ ಅಂಗಡಿಯ ವಿಷಯ. ಶಾಲೆಯ ಕಾಂಪೌಂಡ್ ಗೋಡೆ ಮೇಲೆ ಒಂದು ಬರಹ ಇತ್ತು, ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಾಟ ಅಪರಾಧ ಅಂತ. ಊರಿನ ನಕ್ಷೆ ಮಾಡುವಾಗ ಒಬ್ಬಳು ಕೇಳಿದಳು, ‘ಗಜ ಅಂದ್ರ ಎಷ್ಟು?’ ಮೂರು ಅಡಿ. ಹಾಗಾದರೆ 100 ಗಜ ಅಂದರೆ ಸುಮಾರು 91 ಮೀಟರ್. ಪಿಟಿ ಮೇಷ್ಟ್ರ ಹತ್ತಿರ ಓಟದ ಪಂದ್ಯಕ್ಕೆ ಅಂತ ಉದ್ದನೆಯ ಟೇಪ್ ಇತ್ತು. ಅವರೇ ಮುಂದೆ ನಿಂತು ಮಕ್ಕಳ ಜೊತೆ ಗೇಟಿನಿಂದ ಅಳೆದರು. ಗುಟ್ಕಾ ಚೀಟಿ ನೇತುಹಾಕಿದ ಅಂಗಡಿ 50 ಮೀಟರ್ ದೂರವೂ ಇರಲಿಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆಯಲ್ಲಿ ಇದಕ್ಕೆ ದಂಡ ಎಷ್ಟು ಅಂತ ನೋಡಿ ಹೇಳಿ ಅಂದರು. ನೋಡಿದೆ, ಆಗ ಹೆಚ್ಚೆಂದರೆ 200 ರೂಪಾಯಿ ಇತ್ತು. ‘ಅಷ್ಟ ಏನ್ರಿ? ಅದು ಒಂದ್ ಮುಂಜಾನಿ ವ್ಯಾಪಾರ’ ಅಂತ ಒಬ್ಬ ನಕ್ಕ.

ನಮ್ಮಲ್ಲಿ ಮಕ್ಕಳ ಗ್ರಾಮ ಸಭೆ ಅಂತ ಒಂದು ವ್ಯವಸ್ಥೆ ಇದೆ, ಗ್ರಾಮ ಪಂಚಾಯತಿ ವರ್ಷಕ್ಕೊಮ್ಮೆ ನಡೆಸಬೇಕು. ಕುಂದಾಪುರ ಕಡೆಯ ಕೆರಾಡಿಯಲ್ಲಿ ಮಕ್ಕಳ ಪಂಚಾಯತಿ 1995ರಲ್ಲೇ ಆಗಿತ್ತು, ಇವತ್ತು ಇಡೀ ರಾಜ್ಯದಲ್ಲಿ ಮಕ್ಕಳ ಗ್ರಾಮ ಸಭೆ ಇದೆ ಅಂದರೆ ಅದರ ಹಿಂದೆ ಅಂಥವರ ಶ್ರಮ ಇದೆ. ಎಷ್ಟೋ ಕಡೆ ಅದು ಸ್ವಾಗತ ಗೀತೆ, ಹಾರ, ಭಾಷಣ, ಬಿಸ್ಕತ್ತಿನಲ್ಲಿ ಮುಗಿಯುತ್ತದೆ. ಈ ಸಲ ನಮ್ಮ ಮಕ್ಕಳು ನಕ್ಷೆ ಸಮೇತ ಹೋದರು. ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ, ಸಂಜೆ ಬಸ್ಸು ನಿಲ್ಲಿಸುವುದಿಲ್ಲ, ಅಂಗಡಿ ಇಷ್ಟು ಮೀಟರ್ ದೂರ. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಮೂರನ್ನೂ ಬರೆದುಕೊಂಡರು. ನೀರಿನ ಪೈಪು ಹದಿನೈದು ದಿನದೊಳಗೆ ಬಂತು, ಅದನ್ನು ಹೇಳಲೇಬೇಕು. ಬಸ್ಸಿಗೆ ಒಂದು ಪತ್ರ ಹೋಯಿತು. ಅಂಗಡಿಯದ್ದಕ್ಕೆ ಹೆಡ್‌ಮಾಸ್ತರರಿಗೆ ಫೋನ್ ಬಂತು.

ಅಂಗಡಿಯವರು ಊರಲ್ಲಿ ನಾಲ್ಕು ಜನಕ್ಕೆ ಬೇಕಾದವರು. ‘ಇದನ್ನೆಲ್ಲ ಹುಡುಗರಿಗೆ ಕಲಿಸಿಕೊಟ್ಟವರು ಯಾರು?’ ಅನ್ನುವುದೇ ಪ್ರಶ್ನೆ. ಗೋಡೆ ಮೇಲೆ ಬರೆಸಿದ್ದು ಶಾಲೆಯೇ ಅನ್ನುವುದನ್ನು ಯಾರೂ ನೆನೆಯಲಿಲ್ಲ! ನಮ್ಮ ಶನಿವಾರ ಕೆಲವು ವಾರ ನಿಂತಿತು. ನಾನು ಸುತ್ತೋಲೆ, ಕಾಯ್ದೆ ಎಲ್ಲಾ ಹಿಡಿದು ಹೆಡ್‌ಮಾಸ್ತರರ ಹತ್ತಿರ ಹೋದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರದ್ದು, ಭಾರತ 1992ರಲ್ಲೇ ಒಪ್ಪಿದೆ, ಮಗುವಿನ ಮಾತಿಗೆ ಬೆಲೆ ಕೊಡಬೇಕು ಅಂತ 12ನೇ ವಿಧಿಯಲ್ಲೇ ಇದೆ ಸರ್ ಅಂದೆ. ‘ಮೇಡಂ, ಒಡಂಬಡಿಕಿ ಬಂದು ನನ್ನ ಫೋನ್ ಎತ್ತಂಗಿಲ್ಲ’ ಅಂದರು. ನಗು ಬಂತು, ಇಬ್ಬರಿಗೂ.

ಆಮೇಲೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕರೆದರು. ಅಲ್ಲಿ ನಾವು ಮಾತಾಡಲಿಲ್ಲ, ಮಾತಾಡಿದ್ದು ಒಬ್ಬಳು ತಾಯಿ. ಅವರ ದೊಡ್ಡ ಮಗ ಏಳನೇ ತರಗತಿಯಿಂದ ಗುಟ್ಕಾ ತಿನ್ನುತ್ತಾನಂತೆ, ಈಗ ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲವಂತೆ. ಅಷ್ಟು ಹೇಳಿ ಕೂತರು. ಅಂಗಡಿಯವರ ಸಂಬಂಧಿಕರೂ ಅಲ್ಲೇ ಇದ್ದರು. ಯಾರೂ ಎದುರು ಮಾತಾಡಲಿಲ್ಲ. ಅಂಗಡಿ ಈಗಲೂ ಅಲ್ಲೇ ಇದೆ, ಚೀಟಿಗಳು ಮಾತ್ರ ನೇತಾಡುವುದಿಲ್ಲ, ಒಳಗೆ ಡಬ್ಬದಲ್ಲಿರುತ್ತವೆ. ಅದನ್ನು ಗೆಲುವು ಅಂತ ನಾನು ಕರೆಯುವುದಿಲ್ಲ. ಶನಿವಾರ ಮತ್ತೆ ಶುರುವಾಯಿತು, ಒಂದು ಷರತ್ತಿನ ಮೇಲೆ: ‘ಪ್ರಶ್ನಿ ಕೇಳ್ರಿ, ಆದ್ರ ಹೆಸರು ಹಿಡೀಬ್ಯಾಡ್ರಿ.’ ಇದನ್ನು ನಾನೇ ತೀರ್ಮಾನ ಮಾಡದೆ ಮಕ್ಕಳ ಮುಂದಿಟ್ಟೆ. ಅವರು ವಾದ ಮಾಡಿ ಒಪ್ಪಿಕೊಂಡರು. ಹೆಸರು ಬೇಡ, ಮೀಟರ್ ಸಾಕು ಅಂತ.

ಶಾಲೆಯಲ್ಲಿ ಆಗದ ಕೆಲವು ಮಾತುಗಳಿಗೆ ಈಗ ಪಂಚಾಯತಿಯ ಅರಿವು ಕೇಂದ್ರ, ಅಂದರೆ ಊರಿನ ಗ್ರಂಥಾಲಯ ಇದೆ. 2020ರಲ್ಲಿ ‘ಓದುವ ಬೆಳಕು’ ಶುರುವಾದ ಮೇಲೆ ಹಳ್ಳಿಯ ಗ್ರಂಥಾಲಯಗಳಿಗೆ ಮಕ್ಕಳು ಬರುವುದು ಹೆಚ್ಚಾಗಿದೆ, ನಮ್ಮ ಊರಿನದ್ದೂ ಹಾಗೆಯೇ. ಶಾಲೆ ಬಿಟ್ಟ ಕೂಡಲೇ, ಬೆಳಕಿರುವಾಗಲೇ ಅಲ್ಲಿ ಸೇರುತ್ತೇವೆ, ಹುಡುಗಿಯರೂ ಬರುತ್ತಾರೆ. ಗ್ರಂಥಾಲಯಕ್ಕೆ ಹೋಗುತ್ತೇನೆ ಅಂದರೆ ಮನೆಯಲ್ಲಿ ಬಿಡುತ್ತಾರೆ. ಅಲ್ಲಿಗೆ ಓದು ನಿಲ್ಲಿಸಿದ ಇಬ್ಬರು ಹುಡುಗರೂ ಬರಲು ಶುರು ಮಾಡಿದ್ದಾರೆ. ಶಾಲೆಯ ವೃತ್ತದಲ್ಲಿ ಅವರಿಗೆ ಜಾಗ ಇರಲಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲವಲ್ಲ. ಶಾಲೆಗೆ ಹೋಗುವ ಯೋಚನೆ ಮಾಡುತ್ತಿರುವ ಬೇರೆ ಸಂಸ್ಥೆಯವರು ಇದನ್ನು ಗಮನಿಸಿ. ಗೇಟಿನ ಒಳಗೆ ಒಂದು ಕಾಲಿಟ್ಟರೂ ಇನ್ನೊಂದು ಕಾಲು ಊರಲ್ಲಿರಲಿ, ಇಲ್ಲದಿದ್ದರೆ ಹೊರಗಿದ್ದವರು ಹೊರಗೇ ಉಳಿಯುತ್ತಾರೆ. ಇನ್ನೊಂದು ಏನಂದ್ರೆ, ಶುರುವಿನಲ್ಲೇ ಒಬ್ಬರಾದರೂ ಶಿಕ್ಷಕರು ವೃತ್ತದಲ್ಲಿ ಕೂರಲಿ ಅಂತ ಕೇಳಿ. ಕುರ್ಚಿ ಮೇಲೆ ಅಲ್ಲ, ನೆಲದ ಮೇಲೆ. ನಾವು ಈಗ ಇದನ್ನು ಅರ್ಜಿಯಲ್ಲೇ ಬರೆಯುತ್ತೇವೆ.

ಹೆಡ್‌ಮಾಸ್ತರರಿಗೆ ವರ್ಗ ಆಗಿದೆ. ನಮ್ಮ ಅನುಮತಿ ಪತ್ರ ಒಂದು ಶೈಕ್ಷಣಿಕ ವರ್ಷಕ್ಕೆ ಮಾತ್ರ, ಹಾಗಾಗಿ ಮತ್ತೆ ಅರ್ಜಿ, ಮತ್ತೆ ಆಧಾರ್ ಪ್ರತಿ, ಮತ್ತೆ ಮಾಡ್ಯೂಲ್. ಹೊಸಬರಿಗೆ ವಿಷಯ ವಿವರಿಸಿದ್ದು ಪಿಟಿ ಮೇಷ್ಟ್ರು ಮತ್ತು ಗಣಿತದ ಟೀಚರ್, ನಾನು ಪಕ್ಕದಲ್ಲಿ ಕೂತಿದ್ದೆ. ಹೋದ ವರ್ಷದ ಮಕ್ಕಳು ಈಗ ಹತ್ತನೇ ತರಗತಿ. ಅವರೇ ಒಂದು ಚೀಟಿ ಬರೆದು ಕೊಟ್ಟಿದ್ದಾರೆ, ತಿಂಗಳಿಗೆ ಒಂದು ಶನಿವಾರವಾದರೂ ನಮಗೂ ಕೊಡಿ, ವಿಶೇಷ ತರಗತಿ ತಪ್ಪಿಸುವುದಿಲ್ಲ ಅಂತ. ಹೊಸ ಹೆಡ್‌ಮಾಸ್ತರರು ಚೀಟಿ ಓದಿ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ‘ಮೊದಲ ಟೆಸ್ಟ್ ಆಗ್ಲಿ, ನೋಡೋಣ’ ಅಂದಿದ್ದಾರೆ.